ದೀಕ್ಷಾಸ್ನಾನ ಆಗಿ ಎಷ್ಟೋ ವರ್ಷ ಆಯ್ತು, ನಾನ್ಯಾಕೆ ಬೆಳೀತಾ ಇಲ್ಲ?

ಪ್ರಶ್ನೆ: ಭಾನುವಾರದ ಆರಾಧನೆ ತಪ್ಪಿಸಲ್ಲ, ಬೈಬಲ್ ಓದ್ತೀನಿ, ಪ್ರಾರ್ಥನೆನೂ ಮಾಡ್ತೀನಿ. ಆದ್ರೂ ಅದೇ ಕೋಪ, ಅದೇ ಭಯ, ನಿಂತಲ್ಲೇ ನಿಂತಿದೀನಿ ಅನ್ಸುತ್ತೆ. ಎಲ್ಲಿ ತಪ್ತಾ ಇದೀನಿ?

ಉತ್ತರ: ಇದನ್ನ ತುಂಬಾ ಜನ ಮನಸಲ್ಲೇ ಇಟ್ಕೊಂಡಿರ್ತಾರೆ, ಬಾಯ್ಬಿಟ್ಟು ಕೇಳಲ್ಲ, ಯಾಕಂದ್ರೆ ಸಭೆಲಿ ಕೂತಾಗ ಪಕ್ಕದೋರೆಲ್ಲ ಚೆನ್ನಾಗೇ ಇರೋ ಹಾಗೆ ಕಾಣ್ತಾರೆ. ನೀವು ಕೇಳಿದ್ದು ಒಳ್ಳೇದಾಯ್ತು. ನಾನೂ ಒಂದು ಕೇಳ್ತೀನಿ: ಆರಾಧನೆ, ಓದು, ಪ್ರಾರ್ಥನೆ ಅಂದ್ರಲ್ಲ, ಇದ್ರ ನಡುವೆ ನಿಮ್ಮನ್ನ ಹತ್ತಿರದಿಂದ ಬಲ್ಲ ಇನ್ನೊಬ್ಬ ವಿಶ್ವಾಸಿ ಯಾರಾದ್ರೂ ಇದಾರಾ?

ಹೊಸ ಒಡಂಬಡಿಕೆಲಿ ಶಿಷ್ಯ ಅನ್ನೋದಕ್ಕೆ ಇರೋ ಗ್ರೀಕ್ ಪದ ಮಥೇತೇಸ್, ಅಂದ್ರೆ ಕಲಿಯೋನು. ಯೇಸು 12 ಜನರನ್ನ ಆರಿಸ್ಕೊಂಡಿದ್ದು ಯಾಕೆ ಅಂತ ಮಾರ್ಕ 3:14 ನೋಡಿ, ಅವರು ತನ್ನ ಜೊತೆ ಇರ್ಲಿ ಅನ್ನೋದು ಮೊದ್ಲು ಬರುತ್ತೆ, ಸಾರೋಕೆ ಕಳಿಸೋ ಮಾತು ಆಮೇಲೆ. ಜೊತೆಗೆ ನಡೆದ್ರು, ಉಂಡ್ರು, ದೋಣಿಲಿ ಹೆದರಿ ಕಿರುಚಿದ್ರು, ನಮ್ಮಲ್ಲಿ ಯಾರು ದೊಡ್ಡೋರು ಅಂತ ಜಗಳ ಆಡಿ ತಿದ್ದಿಸ್ಕೊಂಡ್ರು. ಅವರು ಕಲ್ತಿದ್ದು ಹೀಗೆ. ಬರೀ ಉಪದೇಶ ಕೇಳಿ ಮನೆಗೆ ಹೋಗಿದ್ರೆ ಅವರ ಜಗಳ ತಿದ್ದೋಕೆ ಯಾರಿಗೂ ಅವಕಾಶನೇ ಸಿಗ್ತಿರ್ಲಿಲ್ಲ.

ನನಗೆ ಈ ವಿಷ್ಯದಲ್ಲಿ ತುಂಬಾ ಧೈರ್ಯ ಕೊಡೋದು ಯೋಹಾನ ಮಾರ್ಕನ ಕಥೆ. ಪೌಲ, ಬಾರ್ನಬರ ಜೊತೆ ಸುವಾರ್ತೆ ಪ್ರಯಾಣಕ್ಕೆ ಹೊರಟೋನು ಪಂಫುಲ್ಯದಲ್ಲಿ ಅವರನ್ನ ಬಿಟ್ಟು ಯೆರೂಸಲೇಮಿಗೆ ವಾಪಸ್ ಹೋಗ್ಬಿಟ್ಟ, ಯಾಕೆ ಅಂತ ಬೈಬಲ್‌ನ ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕ ಹೇಳಲ್ಲ. ಮುಂದಿನ ಪ್ರಯಾಣಕ್ಕೆ ಅವನನ್ನ ಕರ್ಕೊಂಡು ಹೋಗೋಣ ಅಂತ ಬಾರ್ನಬ, ಬೇಡವೇ ಬೇಡ ಅಂತ ಪೌಲ, ಮಾತು ಎಷ್ಟು ಜೋರಾಯ್ತು ಅಂದ್ರೆ ಇಬ್ರೂ ಬೇರೆ ಬೇರೆ ದಾರಿ ಹಿಡಿದ್ರು. ಬಾರ್ನಬ ಮಾರ್ಕನನ್ನ ಕರ್ಕೊಂಡು ಸೈಪ್ರಸ್‌ಗೆ ಹೋದ. ಈ ಬಾರ್ನಬನೇ ಹಿಂದೆ, ಎಲ್ರೂ ಸೌಲನಿಗೆ (ಪೌಲನ ಇನ್ನೊಂದು ಹೆಸ್ರು) ಹೆದರ್ತಿದ್ದಾಗ ಅವನ ಕೈ ಹಿಡಿದು ಅಪೊಸ್ತಲರ ಹತ್ರ ಕರ್ಕೊಂಡು ಹೋಗಿದ್ದು, ಆಮೇಲೆ ತಾರ್ಸಕ್ಕೆ ಹೋಗಿ ಹುಡುಕಿ ಅಂತಿಯೋಕ್ಯಕ್ಕೆ ತಂದು ಒಂದು ವರ್ಷ ಜೊತೆಲಿ ಕಲಿಸಿದ್ದು. ಆ ಊರಲ್ಲೇ ಶಿಷ್ಯರಿಗೆ ಮೊದಲ ಸಲ ಕ್ರೈಸ್ತರು ಅನ್ನೋ ಹೆಸ್ರು ಬಂತು. ಮುಂದೆ 2 ತಿಮೊಥೆಯ 4:11ರಲ್ಲಿ ಸೆರೆಲಿರೋ ಪೌಲ ಏನ್ ಬರೀತಾನೆ ಗೊತ್ತಾ, ಮಾರ್ಕನನ್ನ ಕರ್ಕೊಂಡು ಬಾ, ಅವನಿಂದ ನನಗೆ ಉಪಯೋಗ ಇದೆ ಅಂತ! ಬಿಟ್ಟು ಹೋದೋನು ಬೇಕಾದೋನು ಆದ, ನಡುವೆ ಒಬ್ರು ಅವನನ್ನ ಕೈಬಿಡ್ದೆ ಇದ್ರು.

ಚರ್ಚಿನ ಇತಿಹಾಸದಲ್ಲೂ ಇದೇ ಕಾಣುತ್ತೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಮೆಥಡಿಸ್ಟ್ ಚಳುವಳಿಯ ನಾಯಕ ಜಾನ್ ವೆಸ್ಲಿ ಜೊತೆಗಿದ್ದೋರು ಕಟ್ಟಡದ ಸಾಲ ತೀರಿಸೋಕೆ ಸುಮಾರು 12 ಜನರ ಒಂದೊಂದು ಗುಂಪು ಮಾಡಿ, ವಾರಕ್ಕೆ ಒಂದು ಪೆನ್ನಿ ಕೂಡಿಸೋಕೆ ಶುರು ಮಾಡಿದ್ರು. ಮನೆಮನೆಗೆ ಹೋದಾಗ ಜನ ನಿಜವಾಗ್ಲೂ ಹೇಗೆ ಬದುಕ್ತಿದಾರೆ ಅನ್ನೋದು ಗೊತ್ತಾಯ್ತು, ಆ ಗುಂಪುಗಳೇ ಒಬ್ಬರನ್ನೊಬ್ರು ವಿಚಾರಿಸ್ಕೊಳ್ಳೋ ಜಾಗ ಆದ್ವು.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಯಾರನ್ನ ಮದುವೆ ಆಗ್ಬೇಕು, ಯಾವ ಕೆಲ್ಸ ಮಾಡ್ಬೇಕು, ದುಡ್ಡು ಎಲ್ಲಿ ಇಡ್ಬೇಕು ಅಂತ ಅಪ್ಪಣೆ ಮಾಡೋರು ಸಿಕ್ಕಿದ್ರೆ ಅದು ಶಿಷ್ಯತ್ವ ಅಲ್ಲ, ಅಲ್ಲಿಂದ ದೂರ ಬನ್ನಿ. ನಿಮಗೆ ಬೋಧಕನು ಒಬ್ಬನೇ, ನೀವೆಲ್ಲ ಸಹೋದರರು ಅಂತ ಯೇಸುನೇ ಹೇಳಿದಾನೆ.

ಇನ್ನು ಬೆಳೀತಾ ಇಲ್ಲ ಅನ್ನೋ ಫೀಲಿಂಗ್ ಬಗ್ಗೆ. ಗಲಾತ್ಯ 5ರಲ್ಲಿ ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ ಅಂತ 9 ಗುಣಗಳನ್ನ ಪೌಲ ಆತ್ಮನ ಫಲ ಅಂತಾನೆ, ಫಲ ಕಾಯೋಕೆ ಟೈಮ್ ಬೇಕು, ಅದು ಮರಕ್ಕೇ ಗೊತ್ತಾಗೋಕ್ಕಿಂತ ಮೊದ್ಲು ಹತ್ತಿರ ಇರೋರ ಕಣ್ಣಿಗೆ ಬೀಳುತ್ತೆ. ನಿಮ್ಮ ಕೋಪ ಮುಂಚಿಗಿಂತ ಬೇಗ ಇಳಿಯುತ್ತಾ, ಕ್ಷಮೆ ಕೇಳೋದು ಸ್ವಲ್ಪ ಸುಲಭ ಆಗಿದ್ಯಾ ಅಂತ ಮನೆಯೋರನ್ನೇ ಕೇಳಿ ನೋಡಿ.

ಸಭೆಲಿ ನೀವು ನಂಬೋ ಹಿರಿಯ ವಿಶ್ವಾಸಿ ಒಬ್ರ ಹತ್ರ ಹೋಗಿ, ವಾರಕ್ಕೆ ಒಂದು ಗಂಟೆ ನನ್ನ ಜೊತೆ ಕೂತ್ಕೊಂಡು ಓದ್ತೀರಾ ಅಂತ ಕೇಳಿ. ಅಂಥೋರು ಸಿಗ್ಲಿಲ್ಲ ಅಂದ್ರೆ ನಿಮ್ಮ ವಯಸ್ಸಿನೋರೇ ಸಾಕು. ಮಾರ್ಕನ ಸುವಾರ್ತೆಲಿ 16 ಅಧ್ಯಾಯ ಇದೆ, ವಾರಕ್ಕೆ ಒಂದರ ಹಾಗೆ ನಾಲ್ಕು ತಿಂಗಳು ಹಿಡಿಯುತ್ತೆ. ಮೊದಲ ದಿನ ಈಗ ನನಗೆ ಬರೆದಿದ್ದನ್ನೇ ಅವರಿಗೂ ಹೇಳಿ, ಕೋಪ, ಭಯ ಎಲ್ಲ ಸೇರಿಸಿ.