ಮೊದಲ ಉಗಿ ಎಂಜಿನ್: ಚಿಕ್ಕದಾದರೆ ಸುಲಭವೇ?

ಪ್ರಶ್ನೆ: ನನ್ನ ಹತ್ತಿರ ಸಣ್ಣ ಲೇತ್ ಇದೆ. ಕಲ್ಲಿದ್ದಲು ಹಾಕಿ ನಿಜವಾದ ಉಗಿಯಲ್ಲೇ ಓಡಿಸುವ ಪುಟಾಣಿ ರೈಲು ಎಂಜಿನ್ ಮಾಡಬೇಕೆಂಬ ಆಸೆ. ಮೊದಲ ಸಲವಾದ್ದರಿಂದ ಆದಷ್ಟು ಚಿಕ್ಕದನ್ನೇ ಆರಿಸಿಕೊಳ್ಳಲೇ?

ಬೇಡ. ಚಿಕ್ಕದಾದರೆ ತಾಮ್ರ, ಕಬ್ಬಿಣ ಉಳಿಯುತ್ತವೆ, ಅಷ್ಟೇ. ಬಿಡಿಭಾಗಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಓಡಿಸುವುದಂತೂ ಇನ್ನೂ ಕಷ್ಟ.

ಎಂಜಿನ್ನಿನ ಅಳತೆಗಳನ್ನೆಲ್ಲ ಅರ್ಧ ಮಾಡಿದಿರಿ ಎನ್ನಿ. ಬಾಯ್ಲರಿನ ಹೊರಮೈ ಕಾಲು ಭಾಗವಾಗುತ್ತದೆ, ಒಳಗಿನ ನೀರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಒಂದೊಂದು ಲೋಟ ನೀರಿಗೂ ಶಾಖ ಸೋರುವ ಮೈ ಎರಡರಷ್ಟು. ಬೆಂಕಿಯೂ ಹಾಗೆಯೇ. ಅಂಗೈಯಗಲದ ಫೈರ್‌ಬಾಕ್ಸಿಗೆ ಕಲ್ಲಿದ್ದಲು ಹಾಕುವುದು ತುಸು ತಡವಾದರೆ ಕೆಂಡ ನಂದುತ್ತದೆ, ಒಮ್ಮೆಗೇ ಸುರಿದರೆ ಉಸಿರುಕಟ್ಟುತ್ತದೆ. ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡನೋಡುತ್ತಲೇ ಇಳಿಯುತ್ತದೆ. ಗಾಬರಿಯಿಂದ ಪಂಪಿನಲ್ಲಿ ತಣ್ಣೀರು ತುಂಬಿದರೆ ಒತ್ತಡದ ಮುಳ್ಳೂ ಕೆಳಗೆ ಬೀಳುತ್ತದೆ. 3½ ಇಂಚು ಗೇಜಿನ (ಎರಡು ಹಳಿಗಳ ನಡುವಿನ ಅಂತರ) 'ಟಿಚ್' ಹೊಸಬರಿಗೆಂದೇ ರೂಪಿಸಿದ ನಾಲ್ಕು ಚಕ್ರದ ಎಂಜಿನ್. ಕಲಿಯಲು ಚೆನ್ನ, ಆದರೆ ಅದರ ಬೆಂಕಿ ಕಾಯಲು ಪಳಗಿದ ಕೈ ಬೇಕು. ಅದನ್ನೇ ಕಟ್ಟುವುದಾದರೆ ಅದಕ್ಕಿರುವ ಎರಡು ಬಗೆಯ ಬಾಯ್ಲರುಗಳಲ್ಲಿ ದೊಡ್ಡದನ್ನು ಹಿಡಿಯಿರಿ.

ತಿರುಪುಗಳ ಕಾಟ ಬೇರೆ. ಸಿಲಿಂಡರಿನ ಮುಚ್ಚಳಕ್ಕೆ 2 ಮಿ.ಮೀ. ಆಸುಪಾಸಿನ ತಿರುಪು ಬರುತ್ತದೆ. ಆಚೆಗೆ ತೆರೆಯದ ತೂತಿನಲ್ಲಿ ಅಷ್ಟು ಸಣ್ಣ ಟ್ಯಾಪ್ (ತೂತಿನೊಳಗೆ ತಿರುಪಿನ ಎಳೆ ಕೊರೆಯುವ ಉಪಕರಣ) ಮುರಿದು ಕೂತರೆ, ಅಲ್ಲಿಯವರೆಗೆ ಮಾಡಿದ ಎರಕದ ಕೆಲಸವೆಲ್ಲ ನೀರುಪಾಲಾಗಬಹುದು.

ಹಾಗೆಂದು ಹಿರಿದಾದ ಎಕ್ಸ್‌ಪ್ರೆಸ್ ಎಂಜಿನ್ನಿಗೂ ಕೈ ಹಾಕಬೇಡಿ. ನಿಮ್ಮ ಲೇತ್ ಅದಕ್ಕೆ ಒಪ್ಪಬೇಕಲ್ಲ! 5 ಇಂಚು ಗೇಜಿನಲ್ಲಿ ಮೂಲ ಎಂಜಿನ್ನಿನ ಒಂದೊಂದು ಅಡಿಗೆ 1 1/16 ಇಂಚಿನ ಲೆಕ್ಕ ಹಿಡಿದರೆ, ಮೂಲದಲ್ಲಿ 6 ಅಡಿ ಇರುವ ಚಕ್ರ 162 ಮಿ.ಮೀ. ಆಗುತ್ತದೆ, ಅಂಚು ಸೇರಿ 170ರ ಹತ್ತಿರ. ಕೇಂದ್ರದ ಎತ್ತರ 90 ಮಿ.ಮೀ. ಇರುವ ಲೇತಿನಲ್ಲಿ ಅದು ತಾಗದೆ ತಿರುಗೀತು. ಆದರೆ ಎರಕದ ಕಬ್ಬಿಣವನ್ನು ನಿಮಿಷಕ್ಕೆ 20 ಮೀಟರ್ ವೇಗದಲ್ಲಿ ಕಡೆಯಬೇಕೆಂದರೆ ಆ ವ್ಯಾಸದಲ್ಲಿ ಲೇತ್ ನಿಮಿಷಕ್ಕೆ ಸುಮಾರು 40 ಸುತ್ತಿಗೆ ಇಳಿಯಬೇಕು. ಎಷ್ಟೋ ಸಣ್ಣ ಲೇತುಗಳು ಅಷ್ಟು ನಿಧಾನವಾಗಿ ಬಲ ಕೊಡುವುದಿಲ್ಲ. ಟೂಲ್ ಅದುರುತ್ತದೆ, ಚಕ್ರದ ಮೈಮೇಲೆ ಅಲೆಅಲೆಯಾಗಿ ಗುರುತು ಬೀಳುತ್ತದೆ. ಮೂಲದಲ್ಲಿ 4 ಅಡಿಯ ಚಕ್ರವಾದರೆ 108 ಮಿ.ಮೀ. ಬರುತ್ತದೆ, ಸುಮಾರು 60 ಸುತ್ತು ಸಾಕು.

ನಿಜವಾದ ಪರೀಕ್ಷೆ ಬಾಯ್ಲರಿನದು. ತಾಮ್ರ ಶಾಖವನ್ನು ಎಳೆದೆಳೆದು ದೂರ ಸಾಗಿಸುತ್ತದೆ. ಬೆಳ್ಳಿ ಬೆಸುಗೆ ಹರಿಯಲು 600 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಅದೂ ಬೆಸುಗೆಯ ಜಾಗವಷ್ಟೇ ಅಲ್ಲ, ಸುತ್ತಲಿನ ತಾಮ್ರವೂ ಕಾಯಬೇಕು. ಕಿರು ಬರ್ನರಿನಲ್ಲಿ ಒದ್ದಾಡುತ್ತಾ ಹೊತ್ತು ಕಳೆದರೆ ಫ್ಲಕ್ಸ್ (ಬೆಸುಗೆ ಹರಿಯಲೆಂದು ಹಚ್ಚುವ ಲೇಪ) ಸತ್ತುಹೋಗಿ ಬೆಸುಗೆ ಸಂದಿಗಿಳಿಯದೆ ಮೇಲೇ ಗುಂಡುಗುಂಡಾಗಿ ನಿಲ್ಲುತ್ತದೆ. 5 ಇಂಚು ಗೇಜಿನ ಎಂಜಿನ್ನಿನ ಬಾಯ್ಲರಿಗೆ ದೊಡ್ಡ ಪ್ರೊಪೇನ್ ಬರ್ನರ್, ಬೆಂಕಿ ಇಟ್ಟಿಗೆಯ ಗೂಡು, ಇನ್ನೊಬ್ಬರ ನೆರವು ಮೊದಲೇ ಸಿದ್ಧವಿರಲಿ. ಉಗಿ, ನೀರು ತಾಗುವ ಬುಷ್‌ಗಳನ್ನು (ಕೊಳವೆ, ಕವಾಟ ಜೋಡಿಸಲು ಬಾಯ್ಲರಿಗೆ ಕೂರಿಸುವ ಬಳೆಗಳು) ಹಿತ್ತಾಳೆಯಲ್ಲಿ ಮಾಡಬೇಡಿ. ಬಿಸಿನೀರಿನಲ್ಲಿ ಹಿತ್ತಾಳೆಯ ಸತು ಕರಗಿ ಹೋಗಿ ಲೋಹ ಟೊಳ್ಳಾಗುತ್ತದೆ. ಕಂಚು ಅಥವಾ ಗನ್‌ಮೆಟಲ್ ಬಳಸಿ. ಮುಗಿದ ಬಾಯ್ಲರಿನಲ್ಲಿ ಗಾಳಿಯಿಲ್ಲದಂತೆ ನೀರು ತುಂಬಿ, ಓಡಿಸುವ ಒತ್ತಡದ ಎರಡರಷ್ಟಕ್ಕೆ ಏರಿಸಿ ಪರೀಕ್ಷಿಸುವುದು ರೂಢಿ. 80 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಬಾಯ್ಲರಾದರೆ 160. ಪರೀಕ್ಷಿಸಿ ಒಪ್ಪಿಗೆ ಕೊಡುವವರಿಗೆ ತಾಮ್ರ ಕತ್ತರಿಸುವ ಮುಂಚೆಯೇ ನಕ್ಷೆ ತೋರಿಸಿ. ಬೆಸುಗೆಯಾದ ಮೇಲೆ ಒಳಗಿನದು ಯಾರ ಕಣ್ಣಿಗೂ ಕಾಣುವುದಿಲ್ಲ.

ಈ ಲೆಕ್ಕದಲ್ಲಿ ನಾವು ಹೇಳುವುದು ಎರಡು ಹೆಸರು. ಒಬ್ಬರೇ ಎತ್ತಿ ಸಾಗಿಸಬೇಕಿದ್ದರೆ 3½ ಇಂಚಿನ ಆರು ಚಕ್ರದ 'ರಾಬ್ ರಾಯ್'. ಸಿಲಿಂಡರುಗಳು ಫ್ರೇಮಿನ ಹೊರಗಿರುವುದರಿಂದ, ಒಳಗಿನ ಸಿಲಿಂಡರುಗಳಿಗೆ ಬೇಕಾಗುವ ಡೊಂಕು ಅಚ್ಚು ಮಾಡುವ ಗೋಜಿಲ್ಲ. ಎತ್ತಲು ಜೊತೆಗಾರರಿದ್ದರೆ 5 ಇಂಚಿನ 'ಸ್ವೀಟ್ ಪೀ'. ಅದರ ಫೈರ್‌ಬಾಕ್ಸ್ ದುಂಡಗೆ ಕೊಳವೆಯಂತಿದೆ. ಚಪ್ಪಟೆ ಗೋಡೆಗಳನ್ನು ಹಿಡಿದಿಡಲು ಸಾಲುಸಾಲಾಗಿ ಹಾಕಬೇಕಾದ ಸ್ಟೇ ಕಂಬಿಗಳ ಕೆಲಸ ಅಲ್ಲಿಗೆ ತಪ್ಪಿತು. ನೀವು ಓಡಿಸಲಿರುವ ಹಳಿಯ ಗೇಜು ಯಾವುದೆಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ಎಲ್ಲ ಸಾಮಾನನ್ನೂ ಒಟ್ಟಿಗೆ ಕೊಳ್ಳಬೇಡಿ. ಮೊದಲು ನಕ್ಷೆ ಮಾತ್ರ ತನ್ನಿ. ಹಳೆಯ ನಕ್ಷೆಗಳಲ್ಲಿ ತಪ್ಪು ಅಳತೆಗಳಿರುತ್ತವೆ, ಅದೇ ಎಂಜಿನ್ ಕಟ್ಟಿದವರಿಂದ ತಿದ್ದುಪಡಿ ಪಡೆದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಫ್ರೇಮು, ಚಕ್ರ, ಸಿಲಿಂಡರು. ಎಡಬಲದ ಕ್ರ್ಯಾಂಕುಗಳ (ರಾಡ್ ತಗುಲಿಸಿ ಚಕ್ರ ತಿರುಗಿಸುವ ತೋಳುಗಳು) ನಡುವಿನ ಕೋನ 90 ಡಿಗ್ರಿಗೆ ಕೂದಲೆಳೆಯಷ್ಟು ಆಚೀಚೆಯಾದರೂ ನಡೆದೀತು. ಎಲ್ಲ ಅಚ್ಚುಗಳಲ್ಲೂ ಅದು ಒಂದೇ ಇರಬೇಕು, ಇಲ್ಲದಿದ್ದರೆ ರಾಡ್‌ಗಳು ಸುತ್ತಿಗೊಮ್ಮೆ ಬಿಗಿಯುತ್ತವೆ. ಚಕ್ರಗಳನ್ನು ನೆಲದಿಂದ ಎತ್ತಿ ಕಟ್ಟಿ ಸಿಲಿಂಡರುಗಳಿಗೆ 20–30 ಪಿಎಸ್‌ಐ ಗಾಳಿ ಬಿಡಿ. ಎಲ್ಲೂ ತಡೆಯದೆ, ಎರಡೂ ದಿಕ್ಕಿಗೆ ನಿಧಾನವಾಗಿ ತಿರುಗಿದರೆ ಆಗ ತಾಮ್ರ ಕೊಳ್ಳಿ.