ಬಂದವರೋ, ಮೊದಲಿಂದ ಇದ್ದವರೋ?

2020ರ ಲಾಕ್‌ಡೌನಿನ ಎರಡನೇ ವಾರ ಇರಬೇಕು. ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದ ಕಿಟಕಿಯ ಚೌಕಟ್ಟಿಗೆ ಒಂದು ಕಣಜ ಮಣ್ಣು ತಂದು ಮೆತ್ತತೊಡಗಿತು. ಹಸಿಮಣ್ಣಿನ ಪುಟ್ಟ ಉಂಡೆಯನ್ನು ಬಾಯಲ್ಲಿ ಕಚ್ಚಿಕೊಂಡು ಬರುತ್ತದೆ, ದವಡೆಯಿಂದಲೂ ಮುಂಗಾಲಿನಿಂದಲೂ ಒತ್ತಿ ಅದನ್ನು ತೆಳ್ಳನೆಯ ಪಟ್ಟಿ ಮಾಡುತ್ತದೆ, ಮತ್ತೆ ಹಾರುತ್ತದೆ. ನನ್ನ ಮೀಟಿಂಗುಗಳು ಒಂದಾದ ಮೇಲೊಂದು ಮುಗಿಯುವಷ್ಟರಲ್ಲಿ ಅಲ್ಲೊಂದು ಗಡಿಗೆ ತಯಾರಾಗಿತ್ತು. ಉರುಟು ಹೊಟ್ಟೆ, ಕಿರಿದಾದ ಕತ್ತು, ಹೊರಚಾಚಿದ ಅಂಚು. ಕುಂಬಾರ ಹುಳ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಗಡಿಗೆ ಮುಗಿದ ಮೇಲೆ ಹೆಣ್ಣು ಹುಳ ಹಿಂಬದಿಯನ್ನು ಅದರ ಬಾಯೊಳಗಿಳಿಸಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಒಂದು ಸಣ್ಣ ಎಳೆಯಲ್ಲಿ ಒಳಚಾವಣಿಯಿಂದ ತೂಗುತ್ತಿರುತ್ತದೆ. ಬೇಟೆ ಆಮೇಲೆ. ಎಲೆ ತಿನ್ನುವ ಹಸಿರು ಹುಳುಗಳನ್ನು ಹುಡುಕಿ ಕುಟುಕುತ್ತದೆ, ಆದರೆ ಕೊಲ್ಲುವುದಿಲ್ಲ. ಕೊಂದರೆ ಕೊಳೆತುಹೋಗುತ್ತವಲ್ಲ! ಲಕ್ವ ಹೊಡೆದಂತಾದ ಹುಳುಗಳನ್ನು ಒಂದೊಂದಾಗಿ ಗಡಿಗೆಗೆ ತುರುಕಿ, ಬಾಯಿಗೆ ಮಣ್ಣು ಮೆತ್ತಿ, ತಾನು ಹೊರಟುಹೋಗುತ್ತದೆ. ಮೊಟ್ಟೆಯೊಡೆದ ಮರಿಗೆ ಕೆಳಗೇ ತಾಜಾ ಬುತ್ತಿ. ಅದನ್ನು ತಿಂದು, ಗೂಡೊಳಗೇ ಕೋಶವಾಗಿ, ಕೊನೆಗೆ ಗೋಡೆ ಕೊರೆದು ಕಣಜವಾಗಿಯೇ ಹೊರಬರುತ್ತದೆ.

ಹಿಂದಿನವರು ಇದನ್ನು ನೋಡಿರಲಿಲ್ಲ ಅಂತೇನಲ್ಲ. ಹುಳು ಒಳಗೆ ಹೋದದ್ದನ್ನು ನೋಡಿದ್ದರು, ಕೆಲವು ದಿನ ಕಳೆದು ಕಣಜ ಹೊರಬಂದದ್ದನ್ನೂ ನೋಡಿದ್ದರು. ಕಣಜದ ಝೇಂಕಾರ ಕೇಳುತ್ತ, ಅದನ್ನೇ ಧ್ಯಾನಿಸುತ್ತ ಹುಳುವೂ ಕಣಜವಾಯಿತು ಎಂದುಕೊಂಡರು. ಕೀಟ-ಭ್ರಮರ ನ್ಯಾಯ ಹುಟ್ಟಿದ್ದು ಹಾಗೆ. ಅವರು ಕಂಡದ್ದು ಎರಡೂ ನಿಜವೇ. ನಡುವೆ ಒಂದು ಮಣ್ಣಿನ ಗೋಡೆ ಇತ್ತು, ಅಷ್ಟೆ.

ನಗಬೇಡಿ. 2020ರಲ್ಲಿ ನಾವು ಮಾಡಿದ್ದೂ ಅದನ್ನೇ. ಮಾರ್ಚ್ ತಿಂಗಳಲ್ಲಿ ವೆನಿಸ್ಸಿನ ಕಾಲುವೆಗೆ ಡಾಲ್ಫಿನ್ ಬಂತು ಎಂಬ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅದನ್ನು ತೆಗೆದದ್ದು ನೂರಾರು ಕಿಲೋಮೀಟರ್ ಆಚೆಯ ಸಾರ್ಡಿನಿಯಾದ ಬಂದರಿನಲ್ಲಿ. ಹಳ್ಳಿಮನೆಗಳಲ್ಲಿದ್ದವರ ಕಥೆ ಇಷ್ಟು ರಂಗಾಗಿರಲಿಲ್ಲ, ಆದರೆ ತರ್ಕ ಒಂದೇ: ಹಿತ್ತಿಲಲ್ಲಿ ಇದುವರೆಗೆ ಕಾಣದ ಹಕ್ಕಿ ಕಂಡಿತು, ಹಗಲಿನಲ್ಲೇ ಹಾವು ಹರಿದುಹೋಯಿತು, ಆದ್ದರಿಂದ ಕಾಡು ಮರಳಿ ಬರುತ್ತಿದೆ. ಕಾಡು ಬಂದಿತ್ತೋ, ಅಥವಾ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟು ಕತ್ತಲಾದ ಮೇಲೆ ಬರುತ್ತಿದ್ದ ನಾವು ಮೊದಲ ಸಲ ಹನ್ನೊಂದು ಗಂಟೆಗೆ ಕಿಟಕಿಯಾಚೆ ನೋಡಿದ್ದೆವೋ?

ಹಕ್ಕಿಗಳ ದನಿಯದ್ದು ಇನ್ನೂ ಸ್ವಾರಸ್ಯ. ಆ ದಿನಗಳಲ್ಲಿ ಹಕ್ಕಿಗಳು ಜೋರಾಗಿ ಹಾಡುತ್ತಿವೆ ಎಂದು ಹೇಳದವರಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಬಿಳಿನೆತ್ತಿಯ ಗುಬ್ಬಿಗಳ ಹಾಡನ್ನು ವರ್ಷಗಳಿಂದ ಧ್ವನಿಮುದ್ರಿಸುತ್ತಿದ್ದ ಎಲಿಜಬೆತ್ ಡೆರಿಬೆರಿ ಮತ್ತು ಸಂಗಡಿಗರು ಅಳತೆ ಮಾಡಿ ನೋಡಿದರೆ ಆದದ್ದು ಉಲ್ಟಾ. ನಗರದ ಗದ್ದಲ 1950ರ ದಶಕದ ಮಟ್ಟಕ್ಕೆ ಇಳಿದಿತ್ತು, ಅರಚಬೇಕಾದ ಅಗತ್ಯ ಇರಲಿಲ್ಲ, ಗುಬ್ಬಿಗಳು ಮೆತ್ತಗೆ ಹಾಡುತ್ತಿದ್ದವು. ಆದರೂ ಹಾಡು ಎರಡು ಪಟ್ಟಿಗೂ ಹೆಚ್ಚು ದೂರಕ್ಕೆ ತಲುಪುತ್ತಿತ್ತು. ನಮ್ಮ ಕಿವಿ ‘ಜೋರು’ ಎಂದು ಕೇಳಿಸಿಕೊಂಡದ್ದು ಈ ಮೆಲುದನಿಯನ್ನು!

ಹಾಗೆಂದು ಎಲ್ಲವೂ ನಮ್ಮ ಭ್ರಮೆ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಮನುಷ್ಯರ ಓಡಾಟ ಜಗತ್ತಿನಾದ್ಯಂತ ಏಕಾಏಕಿ ನಿಂತ ಈ ಅವಧಿಗೆ ಕ್ರಿಶ್ಚಿಯನ್ ರೂಟ್ಸ್ ಮತ್ತು ಇತರ ವಿಜ್ಞಾನಿಗಳು ಅದೇ ವರ್ಷ ‘ಆಂತ್ರೊಪಾಸ್’ ಎಂದು ಹೆಸರಿಟ್ಟರು. ಮನುಷ್ಯ-ವಿರಾಮ ಅನ್ನಬಹುದು. ಮೊದಲೇ ಜಿಪಿಎಸ್ ಪಟ್ಟಿ ಕಟ್ಟಿಸಿಕೊಂಡಿದ್ದ 43 ಜಾತಿಯ ಸುಮಾರು 2,300 ಸಸ್ತನಿಗಳ ಓಡಾಟವನ್ನು ಮಾರ್ಲೀ ಟಕ್ಕರ್ ತಂಡ ಹಿಂದಿನ ವರ್ಷದ್ದರ ಜೊತೆ ಹೋಲಿಸಿ, 2023ರಲ್ಲಿ ಪ್ರಕಟಿಸಿತು. ಕಟ್ಟುನಿಟ್ಟಿನ ಲಾಕ್‌ಡೌನ್ ಇದ್ದಲ್ಲಿ ಹತ್ತು ದಿನಗಳ ಅವಧಿಯಲ್ಲಿ ಅವುಗಳ ದೂರದ ಸಂಚಾರ ಶೇ. 73ರಷ್ಟು ಹಿಗ್ಗಿತ್ತು. ಜನದಟ್ಟಣೆಯ ಕಡೆಗಳಲ್ಲಿ ಪ್ರಾಣಿಗಳು ರಸ್ತೆಗೆ ಶೇ. 36ರಷ್ಟು ಹತ್ತಿರ ಸುಳಿಯುತ್ತಿದ್ದವು. ಇದು ಪಟ್ಟಿ ಹೇಳಿದ ಮಾತು, ಕಿಟಕಿಯಲ್ಲಿ ಕೂತವರು ಹೇಳಿದ್ದಲ್ಲ.

ಹಳ್ಳಿಯ ಲೆಕ್ಕ ಬೇರೆ. ಇಲ್ಲಿ ನಿಲ್ಲುವಂಥ ಗದ್ದಲವೇ ಕಡಿಮೆ. ನಗರದಿಂದ ಮರಳಿದವರು ಮನೆಗಳಲ್ಲಿ ತುಂಬಿಕೊಂಡಿದ್ದರಿಂದ, ಹಿತ್ತಿಲು, ಕಾಲುದಾರಿ, ಕೆರೆದಂಡೆಗಳಲ್ಲಿ ಜನ ಹೆಚ್ಚಿದ್ದರೇ ಹೊರತು ಕಡಿಮೆಯಾಗಿರಲಿಲ್ಲ. ಪ್ರಾಣಿ ಸುಳಿದರೆ ತಾನಾಗಿ ಚಿತ್ರ ತೆಗೆಯುವ, 21 ದೇಶಗಳ ಕ್ಯಾಮೆರಾ ಬಲೆಗಳಲ್ಲಿ ಸಿಕ್ಕ 163 ಜಾತಿಯ ಸಸ್ತನಿಗಳ ಚಿತ್ರಗಳನ್ನು ಕೋಲ್ ಬರ್ಟನ್ ತಂಡ ಪರಿಶೀಲಿಸಿದಾಗಲೂ ಗೊತ್ತಾದದ್ದು ಇದೇ: ‘ಪ್ರಾಣಿಗಳು ಹೀಗೆ ಮಾಡಿದವು’ ಎಂಬ ಒಂದೇ ಉತ್ತರ ಇಲ್ಲ. ಮನುಷ್ಯರಿಗೆ ಒಗ್ಗಿಕೊಂಡ ಜಾಗಗಳಲ್ಲಿ ಜನರ ಓಡಾಟ ಹೆಚ್ಚಾದರೆ ಅವು ರಾತ್ರಿಯ ಪಾಳಿಗೆ ಜಾರುತ್ತವೆ. ದಟ್ಟ ಕಾಡಿನ ಪ್ರಾಣಿಗಳು, ಅದರಲ್ಲೂ ಮಾಂಸಾಹಾರಿಗಳು, ಓಡಾಟವನ್ನೇ ಕಡಿಮೆ ಮಾಡುತ್ತವೆ.

ನಾವಿಲ್ಲದ್ದೇ ಕೆಲವರಿಗೆ ಕುತ್ತಾಗಿದ್ದೂ ಉಂಟು. ಬಾಲ್ಟಿಕ್ ಸಮುದ್ರದಲ್ಲಿ ಸ್ವೀಡನ್ನಿಗೆ ಸೇರಿದ ಸ್ಟೋರಾ ಕಾರ್ಲ್ಸೊ ಎಂಬ ದ್ವೀಪದ ಬಂಡೆಗಳ ಮೇಲೆ ಗಿಲೆಮಾಟ್ ಎಂಬ ಕಡಲಹಕ್ಕಿಗಳು ಸಾಲಾಗಿ ಕೂತು ಮೊಟ್ಟೆಯಿಡುತ್ತವೆ. 2020ರಲ್ಲಿ ಪ್ರವಾಸಿಗರು ಬರಲಿಲ್ಲ, ಅವರಿಗೆ ಹೆದರುತ್ತಿದ್ದ ಬಿಳಿಬಾಲದ ಹದ್ದುಗಳು ಬಂದವು, ಹಿಂದಿಗಿಂತ ಏಳು ಪಟ್ಟು. ಹದ್ದಿನ ನೆರಳು ಬಿದ್ದೊಡನೆ ಗಿಲೆಮಾಟ್‌ಗಳು ಗಾಬರಿಯಿಂದ ಒಟ್ಟಿಗೆ ಮೇಲೇಳುತ್ತಿದ್ದವು. ಮೊಟ್ಟೆಗಳು ಉರುಳಿ ಬೀಳುತ್ತಿದ್ದವು, ಉಳಿದದ್ದನ್ನು ಕಾಗೆ, ಕಡಲಕಾಗೆಗಳು ಎತ್ತಿಕೊಂಡು ಹೋಗುತ್ತಿದ್ದವು. ಆ ವರ್ಷ ಮರಿಗಳ ಫಲ ಎಂದಿಗಿಂತ ಶೇ. 26ರಷ್ಟು ಕುಸಿಯಿತು. ಗದ್ದಲದ ಪ್ರವಾಸಿಗರೇ ಅಷ್ಟು ವರ್ಷ ಕಾವಲುಗಾರರಾಗಿದ್ದರು, ತಮಗೇ ತಿಳಿಯದೆ. ಮನೆಯ ಸೂರಿನಡಿ ಗೂಡು ಕಟ್ಟುವ ಹಕ್ಕಿಗಳೂ ಇದೇ ಲೆಕ್ಕ ಹಾಕಿರುತ್ತವೆ ಎಂದು ಪಕ್ಷಿತಜ್ಞರು ವಾದಿಸುತ್ತಾರೆ. ಮನುಷ್ಯ ಇರುವಲ್ಲಿ ಬೇಟೆಗಾರ ಬರಲು ಅಂಜುತ್ತಾನೆ.

ಸಾಕಿದ ಬೆಕ್ಕು ಅಂಜುವುದಿಲ್ಲ ಎಂಬುದು ಬೇರೆ ಮಾತು. ನಮ್ಮ ಬೆಕ್ಕು ವಾರಕ್ಕೊಂದು ಹಲ್ಲಿ ಹಿಡಿಯುತ್ತದೆ ಎಂದು ನಾನು ನಂಬಿದ್ದೆ. ಮನೆಯಲ್ಲೇ ಕೂತ ಮೇಲೆ ನೋಡುತ್ತೇನೆ, ಹೊಸ್ತಿಲ ಬಳಿ ದಿನ ಬಿಟ್ಟು ದಿನ ಮಿಡುಕುವ ಬಾಲ. ಹಲ್ಲಿ ಪರಾರಿ, ಬೆಕ್ಕು ಬಾಲವನ್ನೇ ದಿಟ್ಟಿಸುತ್ತ ಕೂತಿರುತ್ತದೆ. ಹೊಸ್ತಿಲಿಗೆ ಬಂದದ್ದೂ ಪೂರ್ತಿ ಲೆಕ್ಕವಲ್ಲ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದವರು ಬೆಕ್ಕುಗಳ ಕೊರಳಿಗೆ ಸಣ್ಣ ಕ್ಯಾಮೆರಾ ಕಟ್ಟಿದ್ದರು. 2013ರಲ್ಲಿ ಪ್ರಕಟವಾದ ಅವರ ವರದಿಯಂತೆ, ಬೆಕ್ಕು ಹಿಡಿದ ಬೇಟೆಯಲ್ಲಿ ಮನೆಗೆ ಬಂದದ್ದು ಶೇ. 23 ಮಾತ್ರ. ಹೆಚ್ಚುಕಡಿಮೆ ಅರ್ಧದಷ್ಟನ್ನು ಅವು ಅಲ್ಲೇ ಬಿಟ್ಟಿದ್ದವು, ಉಳಿದದ್ದನ್ನು ತಿಂದಿದ್ದವು. ಇಲ್ಲೂ ಒಂದು ಮಣ್ಣಿನ ಗೋಡೆ. ಬೆಕ್ಕು ಬಹಳ ದೂರವೂ ಹೋಗುವುದಿಲ್ಲ. ಆರು ದೇಶಗಳ 925 ಬೆಕ್ಕುಗಳಿಗೆ ಜಿಪಿಎಸ್ ಕಟ್ಟಿದ ಅಧ್ಯಯನದಲ್ಲಿ ಬಹುಪಾಲು ಬೆಕ್ಕುಗಳು ಮನೆಯಿಂದ ನೂರು ಮೀಟರಿನೊಳಗೇ ಸುತ್ತುತ್ತಿದ್ದವು. ಅಂದರೆ ಪೆಟ್ಟೆಲ್ಲ ನಮ್ಮದೇ ಹಿತ್ತಿಲಿಗೆ.

ಲಾಕ್‌ಡೌನಿನಲ್ಲಿ ಇದಕ್ಕೊಂದು ಮದ್ದು ಕೈಯಲ್ಲೇ ಇತ್ತು, ಆಗ ನನಗೆ ಗೊತ್ತಿರಲಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ತೋರಿಸಿದ್ದು: ದಿನಕ್ಕೆ ಐದು-ಹತ್ತು ನಿಮಿಷ ಬೇಟೆಯಂಥ ಆಟ ಆಡಿಸಿದರೆ ಬೆಕ್ಕು ಮನೆಗೆ ತರುವ ಬೇಟೆ ಶೇ. 25ರಷ್ಟು ಇಳಿಯುತ್ತದೆ, ಮಾಂಸದ ಪ್ರೋಟೀನು ಹೆಚ್ಚಿರುವ ಆಹಾರ ಕೊಟ್ಟರೆ ಶೇ. 36. ಎಲ್ಲರೂ ನೆಚ್ಚಿಕೊಂಡ ಕೊರಳಗಂಟೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ನಾಯಿಯ ಕಥೆಯಲ್ಲಿ ತಪ್ಪು ನನ್ನದು. ಬಿಡುವಿತ್ತು, ಹಕ್ಕಿ ನೋಡುವ ಹುಚ್ಚು ಹತ್ತಿತ್ತು, ಅದನ್ನೂ ಹಗ್ಗ ಹಿಡಿದು ಕರೆದುಕೊಂಡು ಪೊದೆಗಳ ಕಡೆ ಹೋಗುತ್ತಿದ್ದೆ. ಹಕ್ಕಿಗಳೇ ಇಲ್ಲವಲ್ಲ ಎಂದು ಬೇಸರಿಸುತ್ತಿದ್ದೆ. ಸಿಡ್ನಿಯ ಹೊರವಲಯದಲ್ಲಿ 2007ರಲ್ಲೇ ಇದರ ಪರೀಕ್ಷೆ ಆಗಿತ್ತು. ಹಗ್ಗ ಕಟ್ಟಿದ ನಾಯಿಯನ್ನು ನಡೆಸಿಕೊಂಡು ಹೋದ ದಾರಿಯಲ್ಲಿ ಹಕ್ಕಿಗಳ ಸಂಖ್ಯೆ ಶೇ. 41ರಷ್ಟು ಕಡಿಮೆಯಿತ್ತು, ಜಾತಿಗಳು ಶೇ. 35ರಷ್ಟು. ನಾಯಿಯಿಲ್ಲದೆ ಮನುಷ್ಯ ಒಬ್ಬನೇ ನಡೆದರೆ ಇದರ ಅರ್ಧದಷ್ಟೂ ಗಾಬರಿ ಇಲ್ಲ. ಒಬ್ಬನೇ ಹೊರಟರೆ ನಮ್ಮದು ಗೇಟಿನ ಬಳಿ ಕೂತು ಮುಖ ನೋಡುತ್ತದೆ. ಆ ನೋಟಕ್ಕೂ ಲೆಕ್ಕವಿದೆ: ನಾಯಿಯೂ ಅದರ ಯಜಮಾನನೂ ಕಣ್ಣಲ್ಲಿ ಕಣ್ಣಿಟ್ಟಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಬಾಂಧವ್ಯದ ಹಾರ್ಮೋನು ಏರುತ್ತದೆ ಎಂದು ಜಪಾನಿನ ತಂಡವೊಂದು 2015ರಲ್ಲಿ ಕಂಡುಕೊಂಡಿತು. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಹೀಗಾಗಲಿಲ್ಲ. ನಾನು ಎಷ್ಟು ಸಲ ಸೋತೆ ಎಂಬ ಲೆಕ್ಕ ಇಟ್ಟಿಲ್ಲ.

ಸಾಕುಪ್ರಾಣಿಯಿಂದ ಕೋವಿಡ್ ಸೋಂಕು ಬರುತ್ತದೆಂಬ ಭಯವೂ ಆಗ ಮನೆಮನೆಯಲ್ಲಿ ಓಡಾಡುತ್ತಿತ್ತು. ಗಾಳಿ ಬೀಸುತ್ತಿದ್ದದ್ದು ಹೆಚ್ಚಾಗಿ ಎದುರು ದಿಕ್ಕಿಗೆ. ಹಾಂಗ್‌ಕಾಂಗಿನಲ್ಲಿ ಸೋಂಕು ತಗುಲಿದ ಮೊದಲ ನಾಯಿಗಳು ಸೋಂಕಿತರ ಮನೆಯವು. 2020ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹೆಣ್ಣು ಹುಲಿಗೆ ಬಂದದ್ದು ಮನುಷ್ಯರಿಂದ ಎಂದೇ ಮೃಗಾಲಯ ತೀರ್ಮಾನಿಸಿತು. ಅಮೆರಿಕದ ನಾಲ್ಕು ರಾಜ್ಯಗಳಲ್ಲಿ 2021ರ ಆರಂಭದಲ್ಲಿ ತೆಗೆದ ಬಿಳಿಬಾಲದ ಜಿಂಕೆಗಳ ರಕ್ತದ ಮಾದರಿಗಳಲ್ಲಿ ಶೇ. 40ರಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳಿದ್ದವು. ನಾವು ಮನೆಯೊಳಗೆ ಕೂತಿದ್ದರೂ ನಮ್ಮ ಕಾಯಿಲೆ ಕಾಡಿಗೆ ಹೋಗಿ ಬಂದಿತ್ತು.

ಕಿಟಕಿಯ ಗಡಿಗೆಯನ್ನು ನಾನು ದಿನಾ ಬೆಳಿಗ್ಗೆ ಕಾಫಿಗಿಂತ ಮೊದಲು ನೋಡುತ್ತಿದ್ದೆ. ಮಣ್ಣು ಒಣಗಿ ಬೆಳ್ಳಗಾಯಿತು, ಮೇಲೆ ದೂಳು ಕೂತಿತು. ಒಂದು ಮಧ್ಯಾಹ್ನ ಅದರ ಹೊಟ್ಟೆಯಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ತೂತು ಇತ್ತು. ಒಳಗೆ ಯಾರೂ ಇಲ್ಲ. ಅದು ಹೊರಬೀಳುವಾಗ ನಾನು ಒಂದು ಗೇಣು ದೂರದಲ್ಲೇ ಕೂತಿದ್ದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ‘ನನ್ನ ದನಿ ಕೇಳಿಸ್ತಿದೆಯಾ?’ ಎಂದು ಯಾರನ್ನೋ ಕೇಳುತ್ತ.