ಹೊಳೆ ಇಳಿದಾಗಲೇ ಜನ ಜಾಸ್ತಿ

ಏಪ್ರಿಲ್‌ನಲ್ಲಿ ದುಬಾರೆಗೆ ಹೋದರೆ ಕಾವೇರಿಯನ್ನು ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದು. ಜುಲೈನಲ್ಲಿ ಅದೇ ಜಾಗದಲ್ಲಿ ಬಂಡೆಗಳೇ ಕಾಣುವುದಿಲ್ಲ. ಜನ ನೀರಿಗಿಳಿಯುವುದು ಏಪ್ರಿಲ್‌ನಲ್ಲಿ. ಕೊಡಗಿನ ಹೊಳೆಗಳ ತೊಂದರೆ ಶುರುವಾಗುವುದೇ ಇಲ್ಲಿಂದ.

ಹೊಳೆಯಲ್ಲಿ ಮೀಯುವುದು ಇಲ್ಲಿ ಹೊಸದಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿ, ಭಾಗಮಂಡಲದ ಸಂಗಮ. ಶಿವರಾತ್ರಿಗೆ ಇರ್ಪು ಜಲಪಾತ. ಆಗೆಲ್ಲ ಜನವೋ ಜನ. ಆದರೆ ಅದು ವರ್ಷಕ್ಕೆ ಒಂದೆರಡು ದಿನದ ಮಾತು. ಅಕ್ಟೋಬರ್‌ನಲ್ಲಾದರೆ ಮಳೆ ಆಗಷ್ಟೇ ಹಿಂದೆ ಸರಿದಿರುತ್ತದೆ, ನೀರೂ ಸಾಕಷ್ಟು ಇರುತ್ತದೆ. ಉಳಿದ ದಿನ ಹೊಳೆಗಿಳಿಯುತ್ತಿದ್ದದ್ದು ಊರ ಹುಡುಗರು, ಬಟ್ಟೆ ಒಗೆಯುವವರು, ದನಗಳು. ಮನೆಗಳೂ ಒತ್ತೊತ್ತಾಗಿ ಇರಲಿಲ್ಲ. ಗದ್ದೆಯಂಚಿಗೆ ಒಂದು, ತೋಟದಾಚೆ ಇನ್ನೊಂದು. ಒಂದು ಮನೆಯ ಕೊಳೆಯನ್ನು ಸುತ್ತಲಿನ ಮಣ್ಣೇ ಅರಗಿಸಿಕೊಳ್ಳುತ್ತಿತ್ತು.

1989ರಲ್ಲಿ ಕುಶಾಲನಗರದ ಹತ್ತಿರ ಕಾವೇರಿ ನಿಸರ್ಗಧಾಮ ಶುರುವಾಯಿತು. ದುಬಾರೆಯ ಆನೆ ಶಿಬಿರಕ್ಕೂ ಪ್ರವಾಸಿಗರು ಬರತೊಡಗಿದರು. ಆದರೆ ದೊಡ್ಡ ತಿರುವು ಬಂದದ್ದು 2000ದ ಆಸುಪಾಸಿನಲ್ಲಿ, ಕಾಫಿ ಬೆಲೆ ನೆಲಕಚ್ಚಿದಾಗ. ತೋಟದ ಮನೆಯಲ್ಲಿ ಸುಮ್ನೆ ಬಿದ್ದಿದ್ದ ಎರಡು ಕೋಣೆಗಳು ಹೋಂಸ್ಟೇ ಆದವು. ಇದನ್ನು ನಾನು ದೂರಲಾರೆ. ಕಾಫಿ ಕೈಕೊಟ್ಟಾಗ ಎಷ್ಟೋ ಮನೆಗಳ ಕೈ ಹಿಡಿದದ್ದು ಈ ಕೋಣೆಗಳೇ. ಆಮೇಲೆ ರೆಸಾರ್ಟ್‌ಗಳು ಬಂದವು. 2011ರ ಜನಗಣತಿಯ ಪ್ರಕಾರ ಇಡೀ ಜಿಲ್ಲೆಯ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ವರ್ಷಕ್ಕೆ ಬಂದುಹೋಗುವ ಪ್ರವಾಸಿಗರು ಅದಕ್ಕಿಂತ ಎಷ್ಟೋ ಜಾಸ್ತಿ.

ನೀರು ಕೆಡುವುದು ಹೇಗೆ? ಸೋಪು, ಶಾಂಪೂ, ಸನ್‌ಸ್ಕ್ರೀನ್, ಚಿಪ್ಸ್ ಪ್ಯಾಕೆಟ್ಟು ಎಲ್ಲ ಕಣ್ಣಿಗೆ ಕಾಣುವಂಥವು. ಕಾಣದ್ದು ತಳದ ಕೆಸರಿನಲ್ಲಿದೆ. ಮಲದಿಂದ ಬಂದ ಬ್ಯಾಕ್ಟೀರಿಯಾ ತಿಳಿನೀರಿಗಿಂತ ಕೆಸರಿನಲ್ಲಿ ಹೆಚ್ಚು ದಿನ ಬದುಕುತ್ತವೆ. ಐವತ್ತು ಜನ ಒಂದೇ ಗುಂಡಿಯಲ್ಲಿ ಕುಣಿದರೆ ಅವು ಮತ್ತೆ ಮೇಲೇಳುತ್ತವೆ. ಮೀಯುವ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಇದೆ: 100 ಮಿಲಿಲೀಟರ್ ನೀರಿನಲ್ಲಿ ಮಲದ ಕೋಲಿಫಾರ್ಮ್ ಅನ್ನುವ ಬ್ಯಾಕ್ಟೀರಿಯಾದ ಎಣಿಕೆ 500ರೊಳಗೆ ಇದ್ದರೆ ಒಳ್ಳೆಯದು, 2500 ದಾಟಲೇಬಾರದು. ಕಣ್ಣಿಗೆ ಕನ್ನಡಿಯಂತಿರುವ ನೀರೂ ಈ ಪರೀಕ್ಷೆಯಲ್ಲಿ ಫೇಲ್ ಆಗಬಹುದು.

ಈ ಕೋಲಿಫಾರ್ಮ್ ಎಲ್ಲಿಂದ ಬರುತ್ತದೆ? ಈಜುವವರ ಮೈಯಿಂದ ಬರುವುದು ಸ್ವಲ್ಪ. ದೊಡ್ಡ ಪಾಲು ಅವರು ಮಲಗುವ ಕೋಣೆಯ ಹಿಂದಿನ ಗುಂಡಿಯಿಂದ ಬರುತ್ತದೆ ಅನ್ನುವುದು ನನ್ನ ಲೆಕ್ಕ. ಐದು ಜನರ ಮನೆಗೆಂದು ಕಟ್ಟಿದ ಸೆಪ್ಟಿಕ್ ಟ್ಯಾಂಕಿಗೆ ಶನಿವಾರ ರಾತ್ರಿ ಇಪ್ಪತ್ತೈದು ಜನರ ನೀರು ಇಳಿಯುತ್ತದೆ. ಗಷ್ಟು ತಳಕ್ಕೆ ಕೂರಲು ಹೊತ್ತು ಬೇಕು. ಆ ಹೊತ್ತೇ ಸಿಗುವುದಿಲ್ಲ. ಕಲಕಿದ ನೀರು ಹಾಗೇ ಇಂಗುಗುಂಡಿಗೆ, ಅಲ್ಲಿಂದ ಇಳಿಜಾರು ಹಿಡಿದು ಹೊಳೆ ಸೇರುವ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ. ಕೊಡಗಿನಲ್ಲಿ ಇಳಿಜಾರಿಗೇನು ಬರವಾ?

ಇದರಲ್ಲಿ ಬೆಳೆಗಾರರಾದ ನಮ್ಮ ಪಾಲೂ ಇದೆ. ಪ್ರವಾಸಿಗರ ಸೀಸನ್ ಏರುವ ಡಿಸೆಂಬರ್, ಜನವರಿಯಲ್ಲೇ ಕಾಫಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆಯುವ ಕೆಲಸ, ನಡೆಯುತ್ತದೆ. ಆ ನೀರನ್ನು ಸಂಸ್ಕರಿಸದೆ ತೋಡಿಗೆ ಬಿಟ್ಟರೆ, ಅದರಲ್ಲಿರುವ ಸಿಹಿ ಅಂಶ ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಮೀಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು. ಹೊಳೆ ತುಂಬಿ ಹರಿಯುವಾಗ ಇಂಥದ್ದೆಲ್ಲ ತೆಳುವಾಗಿ ಹೋಗುತ್ತದೆ. ಬೇಸಿಗೆಯಲ್ಲಿ ಅಷ್ಟು ನೀರೇ ಇರುವುದಿಲ್ಲ, ಅಲ್ವಾ?

ಒಂದು ತಮಾಷೆ ನೋಡಿ. ವಾರಾಂತ್ಯಕ್ಕೆ ಬರುವವರಲ್ಲಿ ಬೆಂಗಳೂರಿನವರು ಬಹಳ. ಅವರ ನಲ್ಲಿಗೆ 1974ರಿಂದ ಕಾವೇರಿ ನೀರು ಹೋಗುತ್ತಿದೆ. ದುಬಾರೆಯಲ್ಲಿ ಮಿಂದ ನೀರು ಕೃಷ್ಣರಾಜಸಾಗರ ದಾಟಿ, ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕದಲ್ಲಿ ಶುದ್ಧವಾಗಿ ಅವರ ಮನೆಗೇ ಬರುತ್ತದೆ. ಹೊಳೆಯ ನೀರನ್ನು ನೇರವಾಗಿ ಬಳಸುವ ದಂಡೆಯ ಊರಿನವರಿಗೆ ನಡುವೆ ಅಂಥ ಘಟಕವೇನೂ ಇಲ್ಲ.

ಮೇ ಕೊನೆಗೆ ರೂಮುಗಳು ಖಾಲಿಯಾಗತೊಡಗುತ್ತವೆ. ಜೂನ್‌ನಲ್ಲಿ ಮೊದಲ ಜೋರು ಮಳೆ ಬಿದ್ದಾಗ ಹೊಳೆ ಕೆಂಪಗೆ ಏರುತ್ತದೆ. ಐದಾರು ತಿಂಗಳು ಗುಂಡಿ, ಚರಂಡಿ, ದಂಡೆಯಲ್ಲಿ ಕೂತಿದ್ದದ್ದೆಲ್ಲ ಆ ಒಂದೆರಡು ದಿನ ಒಟ್ಟಿಗೆ ಇಳಿದು ಬರುತ್ತದೆ. ಆ ದಿನಗಳಲ್ಲಿ ನಮ್ಮ ಮನೆಯ ಮಕ್ಕಳನ್ನು ನಾವು ಹೊಳೆಗೆ ಬಿಡುವುದಿಲ್ಲ.